ಕೆಂಪು ಚುಕ್ಕಿಯ ಬ್ಯಾಟರಿ

ಆ ಬೀದಿಗೆ ಕೋಳಿ ಬೇಕಿರಲಿಲ್ಲ. ಬನ್ನಣ್ಣನ ಕಾರು ಕೆಮ್ಮಿದರೆ ಬೆಳಗಾಯಿತು ಎಂದೇ ಲೆಕ್ಕ. ಕೀಲಿ ತಿರುಗಿಸಿದರೆ ಅದು ಗೊರ್ ಗೊರ್ ಎಂದು ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿತ್ತು. ಆಮೇಲೆ ಬಾನೆಟ್ ಎತ್ತಿದ ಸದ್ದು. ಅದರ ಹಿಂದೆಯೇ ಎದುರು ಮನೆಯ ನರ್ಸಮ್ಮ ಚಿಲಕ ತೆಗೆದ ಸದ್ದು.

ಬನ್ನಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ನಸುಕಿನಲ್ಲೇ ಬೇಕರಿಗೆ ಹೋಗಿ ಬನ್ನು, ಬ್ರೆಡ್ಡು ತುಂಬಿಕೊಂಡು ಚಹಾ ಅಂಗಡಿಗಳಿಗೂ ಕ್ಯಾಂಟೀನುಗಳಿಗೂ ಹಾಕುವುದು ಅವನ ಕೆಲಸ. ಹಳೆಯ ಕಾರಿನ ಹಿಂದಿನ ಸೀಟು ಕಿತ್ತು, ಟ್ರೇ ಇಡಲು ಹಲಗೆ ಹೊಡೆಸಿದ್ದ. ಬನ್ನು ಬಿಸಿಯಿರುವಾಗ ಮುಟ್ಟಿಸಿದರೆ ದುಡ್ಡು, ಆರಿದ ಮೇಲೆ ಮುಟ್ಟಿಸಿದರೆ ಬೈಗುಳ.

ಕಾರಿನ ಬ್ಯಾಟರಿ ಮುದಿಯಾಗಿ ಬಹಳ ದಿನವಾಗಿತ್ತು. ನರ್ಸಮ್ಮನ ಕಾರು ಇವನದಕ್ಕಿಂತಲೂ ಹಳೆಯದು, ಆದರೆ ಅದರ ಬ್ಯಾಟರಿ ಗಟ್ಟಿ. ಒಂಟಿ ಹೆಂಗಸು, ಕೆಲಸದಿಂದ ನಿವೃತ್ತಿಯಾಗಲು ಇನ್ನು ಹೆಚ್ಚು ಕಾಲವಿಲ್ಲದವಳು. ಬಿಳಿ ಬಟ್ಟೆ, ಬಿಳಿ ಬೂಟು ಹಾಕಿಕೊಂಡು, ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಹರಿಸುವ ಜಂಪ್ ವೈರನ್ನು ಹೆಗಲಿಗೆ ನೇತುಹಾಕಿಕೊಂಡು, ಟಾರ್ಚು ಹಿಡಿದು ದಿನವೂ ಬರುತ್ತಿದ್ದಳು.

"ಏನ್ ತಮ್ಮಾ, ಇವತ್ತೂ ರೋಗಿಗೆ ರಕ್ತ ಕೊಡಬೇಕಾ?"

"ಒಂದೇ ಒಂದು ಬಾಟ್ಲಿ ಅಕ್ಕಾ."

ಒಂದು ದಿನ ನಿದ್ದೆಗಣ್ಣಿನಲ್ಲಿ ಅವನು ಕೆಂಪು ವೈರನ್ನು ಮೈನಸ್ಸಿಗೆ ತಾಗಿಸಿದಾಗ ಕಿಡಿ ಹಾರಿತು. ನರ್ಸಮ್ಮ ಬೈಯಲಿಲ್ಲ. ಒಳಗೆ ಹೋಗಿ ಉಗುರುಬಣ್ಣದ ಪುಟ್ಟ ಬಾಟಲಿ ತಂದಳು. ಯಾವಳೋ ಬಾಣಂತಿ ಮನೆಗೆ ಹೋಗುವಾಗ ಪ್ರೀತಿಯಿಂದ ಕೊಟ್ಟದ್ದು. ಆಸ್ಪತ್ರೆಯವರು ಉಗುರಿಗೆ ಬಣ್ಣ ಹಚ್ಚುವಂತಿಲ್ಲವಾದ್ದರಿಂದ ಅವಳು ಅದನ್ನು ಮನೆಯ ಸಾಮಾನಿಗೆಲ್ಲ ಹಚ್ಚುತ್ತಿದ್ದಳು: ಗ್ಯಾಸಿನ ತಿರುಗಣೆಗೆ, ಬೀಗದ ಕೈಗೆ, ಮಾತ್ರೆ ಡಬ್ಬಿಯ ಮುಚ್ಚಳಕ್ಕೆ. ಈಗ ತನ್ನ ಬ್ಯಾಟರಿಯ ಪ್ಲಸ್ಸಿನ ಬುಡಕ್ಕೆ ಒಂದು ಚುಕ್ಕಿ ಇಟ್ಟಳು. ನಗುತ್ತ ಇಟ್ಟದ್ದಕ್ಕೆ ಕೈ ನಡುಗಿ, ಬಣ್ಣ ಅಂಚಿನ ಸಂದಿಯೊಳಕ್ಕೆ ಇಳಿಯಿತು.

"ಬಾಲ ಬಂತಲ್ಲ ಅಕ್ಕಾ!"

"ಬರ್ಲಿ ಬಿಡು, ಗೊದಮೊಟ್ಟೆ ಮರಿ. ಕಣ್ಣು ಮುಚ್ಚಿದ್ರೂ ಕಾಣುತ್ತೆ. ಕೆಂಪು ವೈರು ಚುಕ್ಕಿ ಇರೋ ಕಡೆಗೆ. ಎಲ್ಲಿ, ಹೇಳು?"

"ಚುಕ್ಕಿ ಇರೋ ಕಡೆಗೆ."

"ನಾಳೆ ಮತ್ತೆ ಕೇಳ್ತೀನಿ."

ದಿನವೂ ಕೇಳುತ್ತಿದ್ದಳು. ಅವನೂ ಶಾಲೆಯ ಹುಡುಗನ ಹಾಗೆ ಒಪ್ಪಿಸುತ್ತಿದ್ದ.

ಮನೆಯಲ್ಲಿ ಊಟಕ್ಕೆ ಕುಳಿತಾಗ ಬ್ಯಾಟರಿಯ ಮಾತು ಬರದೆ ಇರುತ್ತಿರಲಿಲ್ಲ. ಬನ್ನಣ್ಣನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಬಟ್ಟೆ ಹಿಗ್ಗಿಸಿ ಕುಗ್ಗಿಸಿ ಕೊಡುತ್ತಿದ್ದಳು. ಮಗಳು ಕಾಲೇಜಿನಲ್ಲಿದ್ದಳು. ತಾಯಿ ಒಂದು ಕಾಲದಲ್ಲಿ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿ ಅವನನ್ನು ಸಾಕಿದವಳು. ಈಗ ಮನೆಗೂ ಬೀದಿಗೂ ಅಜ್ಜಿ.

"ಬೇಳೆ ಎಲ್ಲಿದೆ ಅಂತ ಸೌಟನ್ನೇ ಕೇಳಬೇಕು," ಎಂದು ಅಜ್ಜಿ ಪಾತ್ರೆಯ ತಳ ಕೆದಕಿದಳು.

"ಬೇಳೆ ಅಂಗಡೀಲಿದೆ ಅತ್ತೆ. ಅಲ್ಲೇ ಚೆನ್ನಾಗಿದೆ," ಎಂದಳು ಸೊಸೆ. "ರೀ, ಬ್ಯಾಟರಿ ಅಂಗಡಿಗೆ ಹೋಗಿದ್ರಾ?"

"ಹೋಗಿದ್ದೆ. ಹೋದ ತಿಂಗಳ ರೇಟು ಕೇಳಬೇಡಿ, ಹೋದ ವಾರದ್ದೂ ಕೇಳಬೇಡಿ ಅಂದ. ಇವತ್ತು ಹೇಳಿದ್ದು ಸಂಜೆವರೆಗೆ ಮಾತ್ರವಂತೆ."

"ಸೀಸದ ರೇಟು ಏರಿದೆ ಅಪ್ಪ," ಎಂದಳು ಮಗಳು. "ಅದಕ್ಕೇ ರಾತ್ರಿ ನಿಂತ ಗಾಡಿಗಳಿಂದ ಬ್ಯಾಟರಿ ಬಿಚ್ಕೊಂಡು ಹೋಗ್ತಿದ್ದಾರಂತೆ. ಕಾಲೇಜಿನ ಹತ್ತಿರ ಎರಡು ಹೋಯ್ತು."

"ನಮ್ಮದನ್ನ ಯಾರೂ ಒಯ್ಯಲ್ಲ," ಎಂದಳು ಹೆಂಡತಿ. "ಒಯ್ದರೂ ಬೈದು ವಾಪಸ್ ತಂದಿಡ್ತಾರೆ."

ಎಲ್ಲರೂ ನಕ್ಕರು. ಆಗ ಇನ್ನೂ ಆ ಮನೆಯಲ್ಲಿ ಒಟ್ಟಿಗೆ ನಗಲು ಬರುತ್ತಿತ್ತು.

ಮುಂದಿನ ವಾರ ಒಂದು ನಸುಕಿನಲ್ಲಿ ಕಾರು ಕೆಮ್ಮಿತು, ಎದುರು ಮನೆಯ ಚಿಲಕವೂ ತೆರೆಯಿತು, ಆದರೆ ಟಾರ್ಚಿನ ಬೆಳಕು ಇತ್ತ ಬರಲಿಲ್ಲ. ಬನ್ನಣ್ಣ ಹೋಗಿ ನೋಡಿದ. ನರ್ಸಮ್ಮನ ಕಾರಿನ ಬಾನೆಟ್ ಅರ್ಧ ಎದ್ದಿತ್ತು. ಒಳಗೆ ಬ್ಯಾಟರಿಯ ಜಾಗ ಹಲ್ಲು ಕಿತ್ತ ವಸಡಿನ ಹಾಗೆ ಖಾಲಿ. ಎರಡು ವೈರು ಜೋತುಬಿದ್ದಿದ್ದವು.

ನರ್ಸಮ್ಮ ಆ ವೈರುಗಳನ್ನು ಬದಿಗೆ ಸರಿಸಿ, "ತಮ್ಮಾ, ಈಗ ನಿನ್ನ ಬನ್ನಿಗೆ ಏನ್ ಮಾಡೋಣ?" ಎಂದಳು.

"ನಿಮ್ಮ ಡ್ಯೂಟಿ ಅಕ್ಕಾ?"

"ನನಗೆ ಕಾಲಿದೆ. ನಿನ್ನ ಬನ್ನಿಗೆ ಕಾಲಿಲ್ಲವಲ್ಲ."

ಬಿಳಿ ಬೂಟಿನಲ್ಲೇ ಬಂದು ಬನ್ನಣ್ಣನ ಮನೆಯವರ ಜೊತೆ ಕಾರು ತಳ್ಳಿದಳು. ಬೀದಿಯೋ ಹಲಗೆಯ ಹಾಗೆ ಮಟ್ಟಸ, ಇಳಿಜಾರು ಎಂಬುದಿಲ್ಲ. ತಿರುವಿನವರೆಗೆ ತಳ್ಳಿ ಎಲ್ಲರೂ ಸುಸ್ತಾದರು; ಕೊನೆಗೆ ಹಾಲಿನ ವ್ಯಾನಿನವನು ಹಗ್ಗ ಕಟ್ಟಿ ಎಳೆದ. ಬನ್ನು ಆರಿತ್ತು. ಅದೇ ದಿನ ಶಾಲೆಯ ಕ್ಯಾಂಟೀನಿನವನು, "ನಾಳೆಯಿಂದ ಬೇರೆಯವರಿಗೆ ಹೇಳಿದ್ದೀನಿ," ಎಂದುಬಿಟ್ಟ.

ಆ ಸಂಜೆ ಹೆಂಡತಿ ಮೆಷಿನ್ನಿನ ಪಕ್ಕದ ಗುಂಡಿ ಡಬ್ಬಿಯನ್ನು ಮಂಚದ ಮೇಲೆ ಸುರಿದಳು. ಗುಂಡಿಗಳ ಕೆಳಗೆ ನೋಟುಗಳಿದ್ದವು. ಮೆಷಿನ್ನಿಗೆ ಮೋಟಾರು ಹಾಕಿಸಬೇಕೆಂದು ಕೂಡಿಟ್ಟದ್ದು. ತುಳಿದೂ ತುಳಿದೂ ಅವಳ ಮಂಡಿ ಹೋಗಿತ್ತು.

"ಇದಕ್ಕೆ ಅಂಗಡೀಲಿ ಸಿಗಲ್ಲ," ಎಂದ.

"ಗುಜರೀಲಿ ಸಿಗುತ್ತಲ್ಲ. ಹೋಗಿ."

ಗುಜರಿಯವನು ತಗಡಿನ ಶೆಡ್ಡಿನ ಮೂಲೆಯಿಂದ ಒಂದು ಬ್ಯಾಟರಿ ಎಳೆದು ತಂದ. ಮೇಲೆಲ್ಲ ಕಪ್ಪು ಗ್ರೀಸು ಬಳಿದಿತ್ತು. ಬಲ್ಬಿನ ತಂತಿ ಹಿಡಿದು ತೋರಿಸಿದ. ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯಿತು.

"ಗ್ಯಾರಂಟಿ?"

"ಗ್ಯಾರಂಟಿ ಬೇಕಾದ್ರೆ ಅಂಗಡಿಗೆ ಹೋಗಿ ಅಣ್ಣ. ಇಲ್ಲಿ ಬರೀ ಬೆಲೆ."

ಎಲ್ಲಿಂದ ಬಂತು ಎಂಬ ಮಾತು ಬನ್ನಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಎಲ್ಲಿ ಬೆಲೆ ಏರುವುದೋ ಎಂದು ನುಂಗಿಕೊಂಡ. ಹಳೆಯ ಬ್ಯಾಟರಿಯನ್ನು ಹೆಂಡತಿ ಮಾರಲು ಬಿಟ್ಟಿರಲಿಲ್ಲ. ಸೀಸದ ರೇಟು ಇನ್ನೂ ಏರಲಿ ಎಂದು ಮೆಷಿನ್ನಿನ ಕೆಳಗೆ ಇರಿಸಿಕೊಂಡಳು.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಹಿಡಿಯಿತು. ಬನ್ನಣ್ಣನಿಗೆ ಖುಷಿಯಾಗಿ, ಕ್ಲ್ಯಾಂಪು ಒಂದು ಸುತ್ತು ಬಿಗಿ ಮಾಡೋಣವೆಂದು ಬಾನೆಟ್ ಎತ್ತಿ, ಗ್ರೀಸನ್ನು ಚಿಂದಿಯಿಂದ ಒರೆಸಿದ.

ಅಜ್ಜಿ ಚಹಾದ ಲೋಟ ಹಿಡಿದು ಬಂದಾಗ ಅವನು ಎಂಜಿನ್ನು ಆರಿಸಿ, ಹೆಂಡತಿ ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಏನನ್ನೋ ಕೆರೆಯುತ್ತಿದ್ದ. ಬೆನ್ನು ಎದುರು ಮನೆಯ ಕಡೆಗಿತ್ತು.

"ಏನೋ ಅದು?"

"ಏನಿಲ್ಲಮ್ಮ. ತುಕ್ಕು."

ಅಜ್ಜಿ ಬಗ್ಗಿ ನೋಡಿದಳು. ದಿನವೂ ಚಹಾ ಹಿಡಿದು ಅವನಿಗೂ ನರ್ಸಮ್ಮನಿಗೂ ಮಧ್ಯೆ ನಿಂತವಳಿಗೆ ಆ ಗೊದಮೊಟ್ಟೆ ಮರಿಯ ಗುರುತು ಹತ್ತದೆ ಇರುತ್ತದೆಯೇ?

"ತುಕ್ಕೂ ಕೆಂಪಗೇ ಇರುತ್ತೆ ಮಗ," ಎಂದಳು. "ಹೊಳೆಯಲ್ಲ."

ಅವನು ಕೆರೆಯುತ್ತಲೇ ಇದ್ದ. ಲೋಟವನ್ನು ಅಲ್ಲೇ ಇಟ್ಟು ಅಜ್ಜಿ ಒಳಗೆ ಹೋದಳು. ಚಹಾ ಅಲ್ಲೇ ಆರಿತು.

ಅವತ್ತಿನಿಂದ ಬೀದಿಗೆ ಬೆಳಗಾದದ್ದು ಗೊತ್ತಾಗುತ್ತಿರಲಿಲ್ಲ. ಕಾರು ಕೆಮ್ಮುತ್ತಿರಲಿಲ್ಲ. ಬನ್ನಣ್ಣ ಕಳ್ಳಹೆಜ್ಜೆಯಲ್ಲಿ ಬಂದು ಬಾಗಿಲು ಬಡಿಯದಂತೆ ಮುಚ್ಚಿ ಹೊರಟುಬಿಡುತ್ತಿದ್ದ. ಆದರೂ ಒಂದು ದಿನ ಬಸ್ಸಿಗೆಂದು ಬಿರಬಿರನೆ ನಡೆಯುತ್ತಿದ್ದ ನರ್ಸಮ್ಮ ಎದುರಿಗೇ ಸಿಕ್ಕಿದಳು. ದಾಟಿ ಹೋಗಲು ಮನಸ್ಸು ಬರಲಿಲ್ಲ. ಕಾರು ನಿಲ್ಲಿಸಿದ.

"ಹತ್ತಿ ಅಕ್ಕಾ."

ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. "ಅಬ್ಬಾ, ಏನು ವಾಸನೆ! ದೇವರು ಮುಂದಿನ ಜನ್ಮದಲ್ಲಿ ನನ್ನನ್ನ ಬನ್ನಿನ ಟ್ರೇ ಮಾಡಲಿ." ಆಮೇಲೆ, "ಹೊಸಾದು ಹಾಕಿಸಿದ್ಯಂತೆ. ಒಳ್ಳೇದಾಯ್ತು ತಮ್ಮಾ. ನನಗೆ ನಿಂದೇ ಚಿಂತೆ ಆಗಿತ್ತು."

"ಹೊಸಾದಲ್ಲ ಅಕ್ಕಾ. ಹಳೇದು."

"ಹಳೇದಾದ್ರೇನು, ಒಂದೇ ಸಲಕ್ಕೆ ಹಿಡಿಯುತ್ತಲ್ಲ. ನಂದೂ ಹೀಗೇ ಹಿಡೀತಿತ್ತು."

ಆಸ್ಪತ್ರೆಯ ಗೇಟಿನಲ್ಲಿ ಇಳಿಯುವಾಗ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಹೋದಳು. ಅವನು ಅವನ್ನು ತಿನ್ನಲೂ ಇಲ್ಲ, ಎಸೆಯಲೂ ಇಲ್ಲ. ಕಪ್ಪಾಗುವವರೆಗೂ ಅಲ್ಲೇ ಇದ್ದವು.

ಭಾನುವಾರ ಭಾನುವಾರ ಅಜ್ಜಿ ಎದುರು ಮನೆಗೆ ಹೋಗಿ ಬಿ.ಪಿ. ನೋಡಿಸಿಕೊಂಡು ಬರುವ ಪದ್ಧತಿ. ಅಜ್ಜಿ ಹೋಗುವುದನ್ನು ಬಿಟ್ಟಳು. ಎರಡು ಭಾನುವಾರ ಕಾದು, ಮೂರನೆಯದಕ್ಕೆ ನರ್ಸಮ್ಮನೇ ಪಟ್ಟಿ ಹಿಡಿದು ಬಂದಳು.

"ಏನಮ್ಮ, ನನ್ನ ಮೇಲೆ ಮುನಿಸಾ? ತೋಳು ಕೊಡಿ."

ಪಟ್ಟಿ ಸುತ್ತಿ ರಬ್ಬರಿನ ಗುಂಡು ಒತ್ತಿದಳು. ನೋಡಿದಳು. ಮತ್ತೊಮ್ಮೆ ಒತ್ತಿ ನೋಡಿದಳು. "ಇಷ್ಟು ಯಾವತ್ತೂ ಇರಲಿಲ್ಲವಲ್ಲ. ಉಪ್ಪು ಜಾಸ್ತಿ ತಿಂದ್ರಾ?"

"ತಿಂದಿದ್ದೀವಿ," ಎಂದಳು ಅಜ್ಜಿ. "ನಿಮ್ಮ ಉಪ್ಪೇ ತಿಂದಿದ್ದೀವಿ."

ನರ್ಸಮ್ಮ ನಕ್ಕು, ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಹೋದಳು. ಊಟಕ್ಕೆ ಕುಳಿತಾಗ ಸೊಸೆ ಬಿಡಲಿಲ್ಲ.

"ಅತ್ತೆ, ಏನಾಗಿದೆ ನಿಮಗೆ? ಊಟ ಅರ್ಧ, ಮಾತು ಕಾಲು. ಇವರೂ ಹಾಗೇ. ಮನೇಲಿ ಯಾರಾದ್ರೂ ಸತ್ತಿದ್ದಾರಾ?"

"ನಿನ್ನ ಗಂಡನ್ನ ಕೇಳು."

ಬನ್ನಣ್ಣ ತಟ್ಟೆ ನೋಡುತ್ತಲೇ ಹೇಳಿದ. ಚುಕ್ಕಿ ಹೇಳಿದ, ಬ್ಲೇಡು ಹೇಳಿದ. ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು.

"ಅಪ್ಪ, ನಾಳೇನೇ ಹೋಗಿ ಹೇಳಿಬಿಡು," ಎಂದಳು ಮಗಳು.

"ಸುಮ್ನಿರೇ! ಏನಂತ ಹೇಳೋದು?" ಎಂದಳು ಹೆಂಡತಿ. "ನಾವೇನು ಕದ್ವಾ? ನನ್ನ ಮಂಡಿ ಮಾರಿದ ದುಡ್ಡು ಅದು. ಹೇಳಿದ್ರೆ ಬೀದಿ ಏನನ್ನುತ್ತೆ? ದಿನಾ ಬಾನೆಟ್ ಎತ್ತಿದ್ದು ಇವನೇ, ಎಲ್ಲಿ ಸ್ಪ್ಯಾನರ್ ಹಾಕಬೇಕು ಅಂತ ಗೊತ್ತಿದ್ದಿದ್ದು ಇವನಿಗೇ ಅನ್ನಲ್ವಾ?"

"ಅವತ್ತೇ ಹೇಳಿದ್ರೆ ಯಾರೂ ಅಂತಿರಲಿಲ್ಲ," ಎಂದಳು ಮಗಳು.

"ಅವತ್ತೇ ಹೇಳಲಿಲ್ವಲ್ಲ! ಕೆರೆದ್ರಲ್ಲ!" ಎಂದು ಅವಳು ಗಂಡನ ಕಡೆ ತಿರುಗಿದಳು. "ಕೆರೆಯೋಕೆ ನನ್ನ ಬ್ಲೇಡೇ ಬೇಕಿತ್ತಾ ನಿಮಗೆ?"

ಅಜ್ಜಿ ಮೆಲ್ಲಗೆ ಹೇಳಿದಳು: "ಕರೆಯಾದ ಬಟ್ಟೆ ಮಡಚಿಟ್ರೆ ಕರೆ ಹೋಗಲ್ಲ. ಪಕ್ಕದ ಮಡಿಕೆಗೂ ಹತ್ತುತ್ತೆ. ಲಾಂಡ್ರೀಲಿ ಎಷ್ಟು ನೋಡಿದ್ದೀನಿ."

"ನೀವು ಗಾದೆ ಹೇಳಿ ಅತ್ತೆ. ಕಾರು ನಿಂತ್ರೆ ಆಸ್ಪತ್ರೆ ಕ್ಯಾಂಟೀನೂ ಹೋಗುತ್ತೆ. ಇವಳ ಪರೀಕ್ಷೆ ಫೀಸು ಗಾದೆಯಿಂದ ಕಟ್ಟೋಣ."

ಇಂಥ ಮಾತು ಎಷ್ಟೋ ದಿನ ನಡೆಯಿತು. ಬೇಳೆ ಇನ್ನೂ ತೆಳ್ಳಗಾಯಿತು, ಮೊಟ್ಟೆಯನ್ನು ದಾರದಿಂದ ಸೀಳಿ ಹಂಚಿದ್ದಾಯಿತು. ಕೊನೆಗೆ ಹೆಂಡತಿಯೇ ಒಂದು ದಾರಿ ಹುಡುಕಿದಳು. ಬ್ಯಾಟರಿಯನ್ನು ಕೊಟ್ಟುಬಿಡುವುದು. ಆದರೆ ನರ್ಸಮ್ಮನದೇ ಎಂದು ಹೇಳದೆ, ಗುಜರಿಯಲ್ಲಿ ಸಿಕ್ಕಿತು ಎಂದು ಕೊಡುವುದು. "ಸುಳ್ಳೇನಲ್ಲವಲ್ಲ," ಎಂದಳು. "ಸಿಕ್ಕಿದ್ದು ಗುಜರೀಲೇ." ಬನ್ನಣ್ಣನಿಗೆ ಇದರಿಂದ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಗಳು ತಟ್ಟೆ ಬಿಟ್ಟು ಎದ್ದುಹೋದಳು.

ಭಾನುವಾರ ಬೆಳಿಗ್ಗೆ ತನ್ನ ಕಾರಿಗೆ ಹಳೆಯ ಮುದಿ ಬ್ಯಾಟರಿ ಹಾಕಿ, ಗುಜರಿಯದನ್ನು ಹೊತ್ತು ಎದುರು ಮನೆಗೆ ಹೋದ. ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾ, ಗುಜರೀಲಿ ಒಂದು ಸಿಕ್ತು. ನಿಮ್ಮ ಗಾಡಿಗೆ ಸರಿಹೋಗುತ್ತೆ."

ನರ್ಸಮ್ಮನ ಮುಖ ಮಗುವಿನ ಮುಖವಾಯಿತು. "ನನಗೋಸ್ಕರ ಹುಡುಕಿದ್ಯಾ ತಮ್ಮಾ?"

ಅವನು ಸ್ಪ್ಯಾನರ್ ಹಿಡಿದು ಬಗ್ಗಿದ. ಕ್ಲ್ಯಾಂಪು ಬಿಗಿದ. ಕೀಲಿ ತಿರುಗಿಸಿದ ಕೂಡಲೇ ಕಾರು ಹಳೆಯ ಗೆಳತಿಯನ್ನು ಕಂಡ ಹಾಗೆ ಎದ್ದಿತು. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು.

"ನೋಡ್ರೀ, ನೋಡ್ರೀ," ಎಂದಳು ನರ್ಸಮ್ಮ. "ಒಡಹುಟ್ಟಿದವರೂ ಮಾಡಲ್ಲ ಇಷ್ಟು." ಒಳಗೆ ಓಡಿ ಪರ್ಸು ತಂದಳು. "ಎಷ್ಟಾಯ್ತು?"

"ಏನೂ ಬೇಡ ಅಕ್ಕಾ."

"ಬಿಟ್ಟಿ ನಾನು ಒಂದು ಗುಳಿಗೇನೂ ತಗೊಂಡಿಲ್ಲ. ಹೇಳು."

ಅವನು ತನ್ನ ಮನೆಯ ಬಾಗಿಲ ಕಡೆ ನೋಡಿದ. ಹೆಂಡತಿ ಒಂದು ಕೈಯಿಂದ ಮಂಡಿ ಒತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ನರ್ಸಮ್ಮ ನೋಟುಗಳನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅವನು ಬೆರಳು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಕೈ ಹಾಗೇ ಜೇಬಿಗೆ ಹೋಯಿತು.

"ಇರು, ಒಂದು ಕೆಲಸ ಬಾಕಿ," ಎಂದು ನರ್ಸಮ್ಮ ಮತ್ತೆ ಒಳಗೆ ಹೋಗಿ ಉಗುರುಬಣ್ಣದ ಬಾಟಲಿ ತಂದಳು. "ಇಲ್ಲದಿದ್ರೆ ಯಾವತ್ತಾದ್ರೂ ನೀನು ನನ್ನ ಗಾಡಿ ಸುಟ್ಟುಹಾಕ್ತೀಯ."

ಮುಚ್ಚಳ ತಿರುಗಿಸಿ, ಕುಂಚ ಎತ್ತಿ, ಪ್ಲಸ್ಸಿನ ಕಡೆಗೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಪ್ಲಸ್ಸಿನ ಬುಡದಲ್ಲಿ ಬ್ಲೇಡಿನ ಗೀರುಗಳು ಒತ್ತೊತ್ತಾಗಿದ್ದವು. ಅಂಚಿನ ಸಂದಿಯೊಳಗೆ, ಬ್ಲೇಡು ಇಳಿಯದ ಕಡೆ, ಗೊದಮೊಟ್ಟೆಯ ಬಾಲ ಹಾಗೇ ಉಳಿದಿತ್ತು.

ಕುಂಚದಿಂದ ಒಂದು ಹನಿ ಅವಳ ಬಿಳಿ ಬೂಟಿನ ಮೇಲೆ ಬಿತ್ತು. ಅವಳು ನೋಡಿಕೊಳ್ಳಲಿಲ್ಲ. ಮೆಲ್ಲಗೆ ಮುಚ್ಚಳ ತಿರುಗಿಸಿದಳು.

"ಇದಕ್ಕೆ ಬೇಡ," ಎಂದಳು. "ಇದಕ್ಕಾಗಲೇ ಇದೆ."

ಅಷ್ಟೇ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೆರೆಯವರಿಗೆ ಏನೂ ತಿಳಿಯಲಿಲ್ಲ. "ಪಾಪ, ಕಣ್ಣಲ್ಲಿ ನೀರು ಬಂತು ಕಾಣುತ್ತೆ. ಒಳ್ಳೇ ಕೆಲಸ ಮಾಡಿದ್ರಿ ಬನ್ನಣ್ಣ," ಎಂದು ಬೆನ್ನು ತಟ್ಟಿದರು. ಒಂದೊಂದು ಏಟಿಗೂ ಅವನು ಒಂದೊಂದು ಗೇಣು ಕುಗ್ಗಿದ.

ಮಧ್ಯಾಹ್ನ ಅನ್ನ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ನೋಟುಗಳು ಊಟದ ಮೇಜಿನ ಮೇಲಿದ್ದವು. ಯಾರೂ ಮುಟ್ಟಲಿಲ್ಲ.

"ನಾನೇ ಹಾಳು ಮಾಡಿದೆ," ಎಂದಳು ಹೆಂಡತಿ. ಜಗಳಕ್ಕೆಂದು ಬಾಯಿ ತೆರೆದವಳಿಗೆ ಅಷ್ಟೇ ಬಂತು.

"ನೀನು ದಾರಿ ಹೇಳಿದೆ," ಎಂದ ಬನ್ನಣ್ಣ. "ನಡೆದವನು ನಾನು."

"ಹಾಗಾದ್ರೆ ವಾಪಸ್ ನಡಿ," ಎಂದಳು ಮಗಳು.

ಅವನು ಎದ್ದ. ಬಾಗಿಲವರೆಗೆ ಹೋದ, ಚಪ್ಪಲಿ ಹಾಕಿಕೊಂಡ, ಮತ್ತೆ ಬಿಚ್ಚಿ ಬಂದು ಕುಳಿತ. ಇದನ್ನೆಲ್ಲ ನೋಡುತ್ತಿದ್ದ ಅಜ್ಜಿ ನೋಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನೇ ಹೊರಟಳು. ಎದುರು ಮನೆಯ ಬಾಗಿಲು ತಟ್ಟಿದಳು. ತೆರೆಯಲಿಲ್ಲ. ಮೆಟ್ಟಿಲ ಮೇಲೆ ಕುಳಿತಳು. ಬೀದಿದೀಪ ಹತ್ತುವ ಹೊತ್ತಿಗೆ ಬಾಗಿಲು ತೆರೆಯಿತು. ಅಜ್ಜಿ ದುಡ್ಡು ಚಾಚಿದಳು, ನರ್ಸಮ್ಮ ತೆಗೆದುಕೊಂಡಳು.

"ನನ್ನ ಮಗ ಬಿಚ್ಚಿದ್ದಲ್ಲಮ್ಮ. ಕೊಂಡು ತಂದದ್ದು. ಆದ್ರೆ ಗೊತ್ತಾದ ಮೇಲೂ ಇಟ್ಕೊಂಡ್ವಿ. ಎಲ್ಲರೂ."

ನರ್ಸಮ್ಮ ನೋಟುಗಳನ್ನು ಮಡಚಿದಳು. ಆಮೇಲೆ, "ಮಾತ್ರೆ ತಗೊಂಡ್ರಾ?" ಎಂದು ಕೇಳಿ ಬಾಗಿಲು ಮುಚ್ಚಿದಳು.

ಮಾರನೆಯ ನಸುಕಿನಲ್ಲಿ ಬೀದಿಗೆ ಮತ್ತೆ ಬೆಳಗಾಯಿತು. ಗೊರ್ ಗೊರ್ ಎಂದು ಕಾರು ಸುಮ್ಮನಾಯಿತು. ಬನ್ನಣ್ಣ ಬಾನೆಟ್ ಎತ್ತಲಿಲ್ಲ; ಎತ್ತಿದರೆ ಕೇಳಿದಂತಾಗುತ್ತದೆ. ಇಳಿದು ಬಾಗಿಲಿಗೆ ಹೆಗಲು ಕೊಟ್ಟ. ಹೆಂಡತಿ, ಮಗಳು ಹಿಂದೆ. ಅಜ್ಜಿ ಕೂಡ ಒಂದು ಕೈ ಇಟ್ಟಳು.

"ನೀವು ಬಿಡಿ ಅತ್ತೆ."

"ತಿನ್ನೋವಾಗ ಬಿಟ್ಟಿದ್ನಾ?"

ಕಾರು ಹತ್ತು ಮಾರು ಹೋಗಿ ನಿಂತಿತು. ಮತ್ತೆ ತಳ್ಳಿದರು. ಹೆಂಡತಿ ಮಂಡಿ ಹಿಡಿದು ಬೀದಿಯ ನಡುವೆಯೇ ಕುಳಿತುಬಿಟ್ಟಳು. ಆಗ ಹಿಂದಿನಿಂದ ಚಿಲಕದ ಸದ್ದು ಕೇಳಿತು. ಯಾರೂ ತಿರುಗಿ ನೋಡಲಿಲ್ಲ.

ನರ್ಸಮ್ಮನ ಕಾರು ಮೆಲ್ಲಗೆ ಬಂದು ಇವರ ಕಾರಿನ ಮೂತಿಗೆ ಮೂತಿ ಹಚ್ಚಿ ನಿಂತಿತು. ಅವಳು ಇಳಿದಳು. ಹೆಗಲ ಮೇಲೆ ವೈರು ಇತ್ತು. ರೋಗಿಯ ಮಾತು, ರಕ್ತದ ಮಾತು ಇರಲಿಲ್ಲ. ಬಿಳಿ ಬೂಟಿನ ಮೇಲೆ ಕೆಂಪು ಹನಿ ಹಾಗೇ ಒಣಗಿತ್ತು. ಒರೆಸಲು ಹೋಗಿ ಇನ್ನಷ್ಟು ಹರಡಿತ್ತು. ಎರಡೂ ಬಾನೆಟ್ ಅವಳೇ ಎತ್ತಿದಳು.

"ಅಕ್ಕಾ, ನಾನು ಅವತ್ತೇ ನೋಡಿದ್ದೆ," ಎಂದ ಬನ್ನಣ್ಣ. "ಮೊದಲ ದಿನಾನೇ. ನೋಡಿಯೇ ಕೆರೆದೆ."

"ಗೊತ್ತು. ನೋಡದೆ ಕೆರೆಯೋಕಾಗುತ್ತಾ?"

ನರ್ಸಮ್ಮ ಟಾರ್ಚು ಹೊತ್ತಿಸಿ ತನ್ನ ಬ್ಯಾಟರಿಯ ಮೇಲೆ ಹಿಡಿದಳು. ಬೆಳಕಿನಲ್ಲಿ ಗೀರುಗಳು ಹೊಳೆದವು. ಕೆಂಪು ವೈರಿನ ತುದಿಯನ್ನು ಅವನ ಕೈಗೆ ಕೊಟ್ಟಳು.

"ಬನ್ನು ಆರುತ್ತೆ," ಎಂದಳು. "ಎಲ್ಲಿಗೆ? ಹೇಳು."

ಅವನು ವೈರು ಹಿಡಿದು ಗೀರುಗಳ ಮೇಲೆ ಬಗ್ಗಿದ. ಹೆಂಡತಿ, ಮಗಳು, ಅಜ್ಜಿ ಕಾರಿನ ಹಿಂದೆಯೇ ನಿಂತಿದ್ದರು.

"ಚುಕ್ಕಿ ಇದ್ದ ಕಡೆಗೆ," ಎಂದ.